ಕರಿಯನ ಉಣ್ಣೆ, ಬೇವಿನ ಬೀಜ, ಹಿತ್ತಿಲ ಕಲ್ಲುಗೋಡೆ

ಯುಗಾದಿ ಕಳೆದ ಮೇಲೆ

ಬಿಸಿಲು ಏರಿದಂಗೆ ನಮ್ಮ ನಾಯಿ ಕರಿಯನಿಗೆ ರಕ್ತ ಹೀರೋ ಉಣ್ಣೆ ಹತ್ತಿವೆ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ ನೇರಕ್ಕೆ ಎಳೆದು, ಸ್ಪಿರಿಟ್ ಬಾಟಲಿಗೆ ಹಾಕೋದು ಈಗ ದಿನಾ ಸಂಜೆ ಕೆಲಸ. ಬೆರಳಲ್ಲಿ ಹಿಸುಕಿ ಕೊಲ್ಲೋದು ನಮ್ಮಲ್ಲಿ ಎಲ್ಲರ ಅಭ್ಯಾಸ, ಆದರೆ ಅದರ ರಕ್ತ ಕೈಗೆ ಹತ್ತೋದು ಒಳ್ಳೇದಲ್ಲ.

ನಾಯಿಗೆ ಉಣ್ಣೆ ಅಂದರೆ ಸಾಕು, ಬೀದಿಗೊಬ್ಬ ಪಂಡಿತ ಹುಟ್ಟುತ್ತಾನೆ. ಒಬ್ಬರು ಸೀಮೆಎಣ್ಣೆ ಒರೆಸು ಅಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆಗೆ ಕರ್ಪೂರ ಅಂದರು. ಎರಡೂ ನಾಯಿಗೆ ವಿಷ, ಅದೂ ಮೈ ನೆಕ್ಕಿಕೊಳ್ಳೋ ಪ್ರಾಣಿಗೆ. ಸೀತಾಫಲದ ಬೀಜದ ಪುಡಿ ಮಾತ್ರ ನನ್ನನ್ನು ಸ್ವಲ್ಪ ಎಳೆಯಿತು. ಚಿತ್ರದುರ್ಗದ ಗುಡ್ಡದಲ್ಲಿ ಸೀತಾಫಲಕ್ಕೆ ಬರವಿಲ್ಲ, ಬೀಜಕ್ಕೆ ಹೇನು ಕೊಲ್ಲೋ ಶಕ್ತಿ ಇರೋದೂ ನಿಜ. ಆದರೆ ಆ ಪುಡಿ ಕಣ್ಣಿಗೆ ಬಿದ್ದು ಕಾರ್ನಿಯಾಕ್ಕೆ ಗಾಯವಾದವರ ವಿವರ ವೈದ್ಯರ ದಾಖಲೆಗಳಲ್ಲೇ ಇದೆ. ಮುಂಗಾಲಲ್ಲಿ ಮುಖ ಉಜ್ಜೋ ನಾಯಿಗೆ ಅದು ಬೇಡವೇ ಬೇಡ.

ಉಳಿದದ್ದು ಬೇವು. ಚಳ್ಳಕೆರೆ ಕಡೆಯಿಂದ ಗಾಣದ ಎಣ್ಣೆ ತರಿಸಿದೆ. ಒಂದು ಚಮಚ ಬೇವಿನೆಣ್ಣೆಗೆ ಹತ್ತು ಚಮಚ ಕೊಬ್ಬರಿ ಎಣ್ಣೆ. ಮೊದಲು ಭುಜದ ಮೇಲೆ ರೂಪಾಯಿ ಅಗಲದ ಜಾಗಕ್ಕೆ ಹಚ್ಚಿ ಮರುದಿನ ನೋಡಿದೆ, ಕೆಂಪಾಗಿರಲಿಲ್ಲ. ಈಗ ನಾಲಿಗೆ ಎಟುಕದ ಕಡೆ ಮಾತ್ರ ಹಚ್ಚುತ್ತೇನೆ: ಕಿವಿಯ ಹಿಂಭಾಗ, ಕತ್ತು, ಹೆಗಲು. ಹೊಟ್ಟೆಯೊಳಕ್ಕಂತೂ ಒಂದು ತೊಟ್ಟೂ ಇಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಈ ಎಣ್ಣೆ ಅದರ ಮೈಗೆ ತಾಗದಂತೆ ನೋಡಿಕೊಳ್ಳಿ.

ರೋಹಿಣಿ ಮಳೆ

ಎಣ್ಣೆ ಹಚ್ಚಿದ ಜಾಗದಲ್ಲಿ ಉಣ್ಣೆ ಕಮ್ಮಿ, ಹೊಟ್ಟೆ ಕಡೆ ಹಾಗೇ. ನಾಯಿಯ ಮೈಗಿಂತ ಗೋಡೆ ನೋಡಬೇಕು ಅಂತ ಹೊಳೆದದ್ದು ಟಾರ್ಚ್ ಹಿಡಿದು ಹಿತ್ತಿಲಿಗೆ ಹೋದಾಗ. ನಮ್ಮದು ಗಾರೆ ಇಲ್ಲದೆ ಒಟ್ಟಿದ ಹಳೇ ಕಲ್ಲುಗೋಡೆ. ಸಂದಿಯೊಳಗೆ ಮೊಟ್ಟೆ ಗುಪ್ಪೆ, ಸಾಸಿವೆಗಿಂತ ಸಣ್ಣ ಮರಿಗಳು ಮೇಲಕ್ಕೆ ಹತ್ತುತ್ತಿವೆ.

ಈ ಕಂದು ನಾಯಿಉಣ್ಣೆ ಮರಿಯಾಗಿದ್ದಾಗ ಒಮ್ಮೆ, ಎಳೆಯದಾಗಿದ್ದಾಗ ಒಮ್ಮೆ, ಬಲಿತ ಮೇಲೆ ಒಮ್ಮೆ ರಕ್ತ ಕುಡಿಯುತ್ತೆ. ಪ್ರತಿ ಸಲವೂ ನಾಯಿಯಿಂದ ಉದುರಿ ಬಿರುಕು ಸೇರುತ್ತೆ. ಹೊಟ್ಟೆ ತುಂಬಿದ ಹೆಣ್ಣು ಅಲ್ಲೇ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತೆ. ಬಲಿತದ್ದು ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಅಂದಮೇಲೆ ಬರೀ ಕರಿಯನ ಮೈಗೆ ಎಣ್ಣೆ ತಿಕ್ಕಿ ಏನು ಫಲ?

ಪಕ್ಕದ ಮನೆಯವರು ಮಂಗನ ಕಾಯಿಲೆ ಬರುತ್ತೇನೋ ಅಂತ ಹೆದರಿದ್ದರು. ಅದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ಅದನ್ನು ಹರಡೋದು ಮುಖ್ಯವಾಗಿ ಕಾಡಿನ ಉಣ್ಣೆ, ಅದರ ಜಾತಿಯೇ ಬೇರೆ.

ಆರಿದ್ರಾ

ಜೋಗಿಮಟ್ಟಿ ರಸ್ತೆಯ ಬೇವಿನ ಮರಗಳ ಕೆಳಗೆ ಹಣ್ಣು ಹಾಸಿಕೊಂಡಿವೆ. ಗೋಡೆಗೆ ಎಣ್ಣೆ ದುಬಾರಿ, ಹಾಗಾಗಿ ತೊಗರಿ, ಹತ್ತಿಗೆ ಹೊಡೆಯೋ ಶೇಕಡಾ 5ರ ಬೀಜದ ಕಷಾಯವನ್ನೇ ಹಿಡಿದೆ. ಹಣ್ಣಿನ ತಿರುಳು ತೊಳೆದು ಬೀಜವನ್ನು ನೆರಳಲ್ಲೇ ಒಣಗಿಸಬೇಕು. ಬೂಷ್ಟು ಹಿಡಿದದ್ದನ್ನು ಎಸೆಯಬೇಕು. ಸಿಪ್ಪೆ ಒಡೆದು ಒಳಗಿನ ಬೇಳೆ 50 ಗ್ರಾಂ ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸೋದು. ಬೆಳಗ್ಗೆ ಹಿಂಡಿ ಸೋಸಿ, ಅಂಟುವಾಳದ ನೊರೆ ಸ್ವಲ್ಪ ಬೆರೆಸಿದರೆ ಕಲ್ಲಿಗೆ ಚೆನ್ನಾಗಿ ಹಿಡಿಯುತ್ತೆ.

ಬೇವಿನ ಬೀಜದಲ್ಲಿ ಕೆಲಸ ಮಾಡೋ ಅಂಶ ಅಜಾಡಿರಾಕ್ಟಿನ್, ಅದು ಬಿಸಿಲಿಗೆ ಬೇಗ ಕೆಡುತ್ತೆ. ಅದಕ್ಕೇ ಹೊಡೆಯೋದು ಸೂರ್ಯ ಇಳಿದ ಮೇಲೆ, ಮಾಡಿದ್ದನ್ನು ಅವತ್ತೇ ಮುಗಿಸಬೇಕು. ಇದು ಕೂಡಲೇ ಕೊಲ್ಲೋ ಔಷಧಿ ಅಲ್ಲ. ಪೊರೆ ಕಳಚೋದನ್ನು, ಮೊಟ್ಟೆ ಇಡೋದನ್ನು ಕೆಡಿಸುತ್ತೆ. ಹೊಡೆದ ಮರುದಿನವೂ ಉಣ್ಣೆ ಓಡಾಡುತ್ತಿದ್ದರೆ ಬೇವನ್ನು ಬೈಯೋ ಅಗತ್ಯವಿಲ್ಲ. ಜೊತೆಗೆ ಕರಿಯನ ಗೋಣಿಚೀಲ ಸುಟ್ಟೆ. ಹೊಸ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿಯೋ ನೀರಿಗೆ ಹಾಕುತ್ತೇನೆ. ಗೋಡೆಯ ಕೆಳಸಾಲಿನ ಸಂದಿಗಳಿಗೆ ಸಿಮೆಂಟ್ ತುಂಬಿಸಿದ್ದೂ ಆಯಿತು. ನಿಜ ಹೇಳಬೇಕಂದರೆ ಬೇವಿನಷ್ಟೇ ಕೆಲಸ ಆ ಸಿಮೆಂಟೂ ಮಾಡಿದೆ.

ಶ್ರಾವಣ

ಉಣ್ಣೆ ಈಗ ಹುಡುಕಿದರೆ ಒಂದೋ ಎರಡೋ. ಆದರೆ ಕರಿಯ ರಾಗಿಮುದ್ದೆ ಮೂಸಿ ಬಿಟ್ಟ, ಒಸಡು ಬಿಳಚಿಕೊಂಡಿತ್ತು, ಮೈ ಬಿಸಿ. ಅವತ್ತೇ ಪಶು ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು, ಪ್ಲೇಟ್‌ಲೆಟ್ ಇಳಿದಿದೆ. ಉಣ್ಣೆ ಕಚ್ಚಿದಾಗ ಬಂದ ರೋಗಾಣು ಬಿಳಿ ರಕ್ತಕಣದೊಳಗೆ ಕೂತಿರುತ್ತೆ, ಚರ್ಮದ ಮೇಲಿನ ಎಣ್ಣೆ ಅಲ್ಲಿಗೆ ಮುಟ್ಟೋದಿಲ್ಲ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ, 4 ವಾರ. ಮಾತ್ರೆ ಗಂಟಲಲ್ಲಿ ನಿಂತರೆ ಅನ್ನನಾಳ ಸುಡುತ್ತೆ, ಆದ್ದರಿಂದ ಅನ್ನದ ಜೊತೆ ಕೊಟ್ಟು ಮೇಲೆ ನೀರು ಕುಡಿಸುತ್ತೇನೆ.

ಪಪ್ಪಾಯಿ ಎಲೆ ರಸ ಹಾಕು, ಪ್ಲೇಟ್‌ಲೆಟ್ ಏರುತ್ತೆ ಅಂತ ಒಬ್ಬರಲ್ಲ, ಊರೇ ಹೇಳಿತು. ಹಾಕಲಿಲ್ಲ. ಊಟ ಸೇರದ ನಾಯಿಗೆ ಕಹಿ ರಸ ಕುಡಿಸಿ ವಾಂತಿ ಆದರೆ ಮಾತ್ರೆಯೂ ಆಚೆ ಬರುತ್ತೆ. ಬೆಳ್ಳುಳ್ಳಿ ಅರೆದು ಕೊಡು ಅಂದವರಿಗೆ ಮಾತ್ರ ಜೋರಾಗೇ ಹೇಳಿದೆ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ರಕ್ತ ಕಮ್ಮಿ ಇದ್ದಾಗಂತೂ ಕೇಳೋದೇ ಬೇಡ.

ಮಹಾನವಮಿ ಹೊತ್ತಿಗೆ

ಊಟ ಸರಿಯಾಗಿದೆ, ಬೀದಿ ಕೊನೆವರೆಗೂ ಓಡುತ್ತಾನೆ. ಪ್ಲೇಟ್‌ಲೆಟ್ ಇನ್ನೊಮ್ಮೆ ನೋಡಬೇಕು ಅಂದಿದ್ದಾರೆ. ಒಣಗಿಸಿದ ಬೀಜ ಒಂದು ಡಬ್ಬಿ ಉಳಿದಿದೆ, ಬೇಸಿಗೆ ಬರೋ ಮೊದಲೇ ಗೋಡೆಗೆ ಒಂದು ಸುತ್ತು ಹೊಡೆಯಬೇಕು. ಚಳಿಗೆ ಬೇವಿನೆಣ್ಣೆ ಗಟ್ಟಿಯಾಗೋಕೆ ಶುರುವಾಗುತ್ತೆ, ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ಇಟ್ಟರೆ ಸಾಕು, ಒಲೆ ಮೇಲೆ ಕಾಯಿಸಬೇಡಿ. ರಕ್ತದ ವರದಿ ಬಂದ ಮೇಲೆ ಮುಂದಿನ ಟಿಪ್ಪಣಿ.