ಓವನ್ಸ್ ಕಣಿವೆ ಮಾದರಿ: ಬೀಸಣಿಗೆಗಳು ಕೊನೆಗೂ ಮೂಡಿದವು

ಕ್ಯಾಲಿಫೋರ್ನಿಯಾದ ಓವನ್ಸ್ ಕಣಿವೆಯ 3D ಪ್ರಿಂಟ್ ಮಾದರಿ ಮಾಡುತ್ತಿದ್ದೇನೆ. ಅದರ ಪಶ್ಚಿಮದ ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡದ ಮೆಕ್ಕಲು ಬೀಸಣಿಗೆಗಳು (ಹಳ್ಳಗಳು ತಂದು ಹರಡಿದ ಮಣ್ಣು-ಕಲ್ಲಿನ ಇಳಿಜಾರುಗಳು) ಈಗ ಬೆರಳಿಗೂ ಸಿಗುತ್ತಿವೆ! ತುಂಬ ಕಾಡಿಸಿದ್ದವು.

ಅಳತೆ 1:2,00,000. ಬಿಷಪ್‌ನಿಂದ ಓವನ್ಸ್ ಸರೋವರದವರೆಗೆ ಮೂರು ತುಂಡು. ಎತ್ತರದ ಡೇಟಾ ಕೆಲಸ ಮಾಮೂಲಿ, ಬಿಡಿ. ವಿಟ್ನಿ ಶಿಖರ 4,421 ಮೀಟರ್, ಅದರ ಕೆಳಗಿನ ಲೋನ್ ಪೈನ್ ಊರು ಸುಮಾರು 1,130. ಮಾದರಿಯಲ್ಲಿ ಇದು 16 ಮಿ.ಮೀ. ಏರು. ಅಲ್ಲೇನೂ ತೊಂದರೆಯಿಲ್ಲ. ಆದರೆ ಮಲಗಿಸಿ ಪ್ರಿಂಟ್ ಮಾಡಿದರೆ, ಪ್ರಿಂಟರ್ ಒಂದರ ಮೇಲೊಂದು ಹಾಕುವ 0.2 ಮಿ.ಮೀ. ಪದರ ಅಂದರೆ 40 ಮೀಟರ್ ಎತ್ತರ. ನಯವಾದ ಇಳಿಜಾರೆಲ್ಲ ಮೆಟ್ಟಿಲು. ಸರೋವರದ ತಳ ಒಂದೇ ಪದರದಲ್ಲಿ ಮಾಯ. ಎತ್ತರ ಎರಡು ಪಟ್ಟು ಮಾಡಿದರೆ ಬೀಸಣಿಗೆ ಕಾಣುತ್ತದೆ, ಸಿಯೆರಾ ಮುಳ್ಳುಬೇಲಿಯಾಗುತ್ತದೆ. ಅಂಥ ಸುಳ್ಳು ಬೆಟ್ಟ ನನಗೆ ಬೇಡ.

ದಾರಿ ಸಿಕ್ಕಿದ್ದು ತುಂಡನ್ನು ದಕ್ಷಿಣದ ಅಂಚಿನ ಮೇಲೆ ನಿಲ್ಲಿಸಿದಾಗ. ಈಗ ಎತ್ತರ ಮೂಡಿಸುವುದು ಪದರವಲ್ಲ, ಕರಗಿದ ಪ್ಲಾಸ್ಟಿಕ್ ಬಿಡುವ ಮೂತಿ, ಅಂದರೆ ನಾಜಲ್‌ನ ಓಡಾಟ. 10 ಮೀಟರ್ ಏರಿಳಿತ, ಅಂದರೆ 0.05 ಮಿ.ಮೀ., ಅದೂ ಬರುತ್ತದೆ. ಒಂದೊಂದು ಪದರವೂ ಸಿಯೆರಾದಿಂದ ಪೂರ್ವದ ಇನ್ಯೋ ಬೆಟ್ಟದವರೆಗಿನ ಅಡ್ಡಸೀಳು. ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಎತ್ತರ ಮಾತ್ರ ಹಿಗ್ಗಿಸಬೇಡಿ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಆಧಾರವಿಲ್ಲದೆ ಜೋತುಬೀಳುತ್ತದೆ. ಬ್ರಿಮ್ (ತುಂಡು ಬೀಳದಂತೆ ಬುಡದ ಸುತ್ತ ಹಾಕುವ ತೆಳು ಅಂಚು) ಅಗಲವಾಗಿರಲಿ.

ಮರಳು ಬಣ್ಣದ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ) ಈ ಸಲವೂ ತೇವ ಹಿಡಿದೇ ಬಂತು. ಸೀಲ್ ಮಾಡಿದ ಚೀಲದೊಳಗೇ ತೇವ! ಮಾರಿದವರಿಗೆ ಬರೆದರೆ ಉತ್ತರವೇ ಇಲ್ಲ. ಒಣಗಿಸದೆ ಹಾಕಿದರೆ ಕಣಿವೆ ತುಂಬ ಎಳೆ ಎಳೆ ನೂಲು.

ಬಣ್ಣದಲ್ಲಿ ಹಸಿರು ಜಾಸ್ತಿ ಬೇಡ. ಮೋಡದ ನೀರೆಲ್ಲ ಸಿಯೆರಾ ಮೇಲೇ ಸುರಿದುಹೋಗುತ್ತದೆ, ಕಣಿವೆ ಒಣಗಿಯೇ ಇರುತ್ತದೆ. ಅದರ ಹಿಮ ಕರಗಿ ಹರಿಯುವ ಹಳ್ಳಗಳ ಬಾಯಲ್ಲೇ ಊರುಗಳಿವೆ: ಬಿಷಪ್, ಬಿಗ್ ಪೈನ್, ಇಂಡಿಪೆಂಡೆನ್ಸ್, ಲೋನ್ ಪೈನ್. ಪೂರ್ವದ ಇನ್ಯೋ ಕಡೆ ಒಣ ಕಂದು. 1913ರಲ್ಲಿ ಲಾಸ್ ಏಂಜಲೀಸ್ ಕಾಲುವೆ ಓವನ್ಸ್ ನದಿಯನ್ನು ಆ ನಗರದ ಕಡೆಗೆ ತಿರುಗಿಸಿತು, 1926ರ ಹೊತ್ತಿಗೆ ಸರೋವರ ಒಣಗಿತು. ಕಣಿವೆಯ ತಳದ ಬಹುಪಾಲು ಜಮೀನು ಇವತ್ತಿಗೂ ಆ ನಗರದ್ದೇ. ದನ ಸಾಕುವವರು ಅದನ್ನು ಗುತ್ತಿಗೆಗೆ ಪಡೆದು ಮೇಯಿಸುತ್ತಾರೆ. ಹಾಗಾಗಿ ಅಲ್ಲಿಗೆ ಹೊಲದ ಹಸಿರಲ್ಲ, ಒಣಹುಲ್ಲಿನ ಬಣ್ಣ. ಸರೋವರಕ್ಕೆ ಉಪ್ಪಿನ ಬಿಳಿ, ನಡುವೆ ದೂಳು ಏಳದಂತೆ ನಿಲ್ಲಿಸಿದ ತೆಳು ನೀರಿನ ಮಡುಗಳು. ನದಿಯ ಕೆಳಭಾಗಕ್ಕೆ 2006ರಿಂದ ಮತ್ತೆ ನೀರು ಬಿಡುತ್ತಿದ್ದಾರೆ. ಆ ಗೆರೆ ನೀಲಿಯಾಗೇ ಇರಲಿ. ನನಗೆ ಅದು ಈ ಮಾದರಿಯ ಅತಿ ಮುಖ್ಯವಾದ ಗೆರೆ.

ಮುಂದಿನದು ಡೆತ್ ವ್ಯಾಲಿ ಕಣಿವೆ. ಅದರ ಅತಿ ತಗ್ಗಿನ ಜಾಗ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಎದುರಿಗೇ 3,368 ಮೀಟರ್ ಟೆಲಿಸ್ಕೋಪ್ ಶಿಖರ. ಅಲ್ಲಿ ಕಣಿವೆಯ ತಳ ಪೂರ್ವಕ್ಕೆ ವಾಲಿದೆ. ಅದಕ್ಕೇ ಪಶ್ಚಿಮದ ಬೀಸಣಿಗೆಗಳು ದೊಡ್ಡವು, ಪೂರ್ವದವು ಪುಟಾಣಿ. ಆ ಪುಟಾಣಿಗಳಿಗಾಗಿ 0.1 ಮಿ.ಮೀ. ಪದರಕ್ಕೆ ಇಳಿಯುತ್ತೇನೆ.