ಹಗುರದ ಬೇಸ್ ಆಂಪ್ ತಗೊಂಡ್ರೆ ಸದ್ದು ತೆಳ್ಳಗಾಗುತ್ತಾ?

"ಅಣ್ಣಾ, ಮೂರು ಕಿಲೋ ಆಂಪ್‌ನಲ್ಲಿ ಬೇಸ್ ತೆಳ್ಳಗೆ ಕೇಳ್ಸುತ್ತಂತೆ, ನಿಜಾನಾ?" ಬೇಸ್ ಗಿಟಾರ್ ಕಲಿಯುತ್ತಿರುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ನನ್ನ ಉತ್ತರ: ಇಲ್ಲ. ಆದರೆ ಆಂಪ್ ಬೇರೆ, ಸ್ಪೀಕರ್ ಇರುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ (ಕ್ಯಾಬ್) ಬೇರೆ. ಎರಡರ ತೂಕವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ಆಂಪ್, ಅಂದರೆ ಸ್ಪೀಕರ್ ಇಲ್ಲದ ಹೆಡ್. ಆಂಪೆಗ್ ಕಂಪನಿಯ ಎಸ್‌ವಿಟಿ ಬಂದದ್ದು 1969ರಲ್ಲಿ. 300 ವಾಟ್, 14 ವಾಲ್ವ್ (ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆಗಳು). ಆ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಇದನ್ನೇ ಬಳಸಿತು. ಇದೇ ಸಾಲಿನಲ್ಲಿ ಆಮೇಲೆ ಬಂದ ಎಸ್‌ವಿಟಿ-ಸಿಎಲ್ ಸುಮಾರು 36 ಕಿಲೋ ತೂಗುತ್ತದೆ. ಇಟಲಿಯ ಮಾರ್ಕ್‌ಬೇಸ್‌ನವರ ಲಿಟಲ್ ಮಾರ್ಕ್ 3 ಕೊಡುವುದು 500 ವಾಟ್, ತೂಕ ಮಾತ್ರ ಮೂರು ಕಿಲೋ ಆಸುಪಾಸು. ಗ್ಯಾಲಿಯನ್-ಕ್ರೂಗರ್ ಎಂಬಿ200 ಅಂತೂ ಸುಮಾರು ಒಂದು ಕಿಲೋ, ಅದರಲ್ಲೇ 200 ವಾಟ್.

ಆ ಮೂವತ್ತು ಚಿಲ್ಲರೆ ಕಿಲೋ ಎಲ್ಲಿ ಹೋಯ್ತು? ಬಹುಪಾಲು ಕಬ್ಬಿಣ, ತಾಮ್ರ. ವಾಲ್ವ್ ಆಂಪ್‌ನಲ್ಲಿ ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಒಂದು ಕರೆಂಟಿಗೆ, ಇನ್ನೊಂದು ವಾಲ್ವ್‌ಗಳಿಂದ ಸ್ಪೀಕರ್‌ಗೆ. ಹಳೇ ಟಿವಿ ಸ್ಟೆಬಿಲೈಸರ್ ಎತ್ತಿ ನೋಡಿದವರಿಗೆ ಟ್ರಾನ್ಸ್‌ಫಾರ್ಮರ್ ತೂಕ ಗೊತ್ತು. 50 ಹರ್ಟ್ಸ್ ಕರೆಂಟನ್ನು ನೇರವಾಗಿ ತಗೊಳ್ಳುವ ಟ್ರಾನ್ಸ್‌ಫಾರ್ಮರ್ ದಪ್ಪ ಇರಲೇಬೇಕು. ಹೊಸ ಹೆಡ್‌ಗಳಲ್ಲಿ ಇರುವುದು ಕಂಪ್ಯೂಟರ್‌ನಲ್ಲಿ ಇರುವಂಥ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ. ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ, ಹಾಗಾಗಿ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. ಜೊತೆಗೆ ಇವುಗಳಲ್ಲಿ ಸದ್ದಿನ ಶಕ್ತಿ ಹೆಚ್ಚಿಸುವ ಕ್ಲಾಸ್ ಡಿ ಸರ್ಕ್ಯೂಟ್ ಬಿಸಿಯಾಗುವುದು ಕಡಿಮೆ, ಆದ್ದರಿಂದ ಬಿಸಿ ಹೊರಹಾಕುವ ಭಾರದ ಹೀಟ್‌ಸಿಂಕ್ ಕೂಡ ಬೇಡ. ಇಲ್ಲಿ ಹೋದದ್ದು ಲೋಹ, ಸದ್ದಲ್ಲ.

ಹಾಗಾದರೆ "ತೆಳ್ಳಗೆ" ಅನ್ನೋ ಮಾತು ಎಲ್ಲಿಂದ ಬಂತು? ವಾಲ್ವ್ ಆಂಪನ್ನು ಜೋರಾಗಿ ಓಡಿಸಿದಾಗ ಅದು ಸ್ವರದ ತಲೆಯನ್ನು ಸ್ವಲ್ಪ ಅದುಮಿ, ಹೊಸ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲಿನ ಉಪಸ್ವರಗಳು) ಸೇರಿಸುತ್ತದೆ. ಕಿವಿಗೆ ಅದು ತುಂಬಿಕೊಂಡಂತೆ ಕೇಳುತ್ತದೆ. ಆ ಬಣ್ಣ ನಿಮಗೆ ಬೇಕೇ ಬೇಕು ಅಂದರೆ ವಾಲ್ವ್ ಆಂಪ್ ತಗೊಳ್ಳಿ, ಭಾರ ಹೊರಿ. ನನಗೂ ಆ ಸದ್ದು ಇಷ್ಟ. ಆದರೆ ಹೆಚ್ಚಿನವರು ಹೋಲಿಸುವುದು ದೊಡ್ಡ ಕ್ಯಾಬ್ ಮೇಲಿನ ಹಳೇ ಹೆಡ್‌ಗೂ ಪುಟ್ಟ ಕ್ಯಾಬ್ ಮೇಲಿನ ಹೊಸ ಹೆಡ್‌ಗೂ. ಅದು ನ್ಯಾಯವಲ್ಲ, ಅಲ್ವಾ? ಅಂಗಡಿಗೆ ಹೋದಾಗ ಎರಡೂ ಹೆಡ್‌ಗಳನ್ನು ಒಂದೇ ಕ್ಯಾಬ್‌ಗೆ ಹಾಕಿಸಿ ಕೇಳಿ.

ನಿಜವಾದ ವಿಷಯ ಇರುವುದು ಕ್ಯಾಬಿನೆಟ್‌ನಲ್ಲೇ. ಆಂಪೆಗ್‌ನ ಎಸ್‌ವಿಟಿ-810ಇ ಕ್ಯಾಬ್‌ನಲ್ಲಿ ಹತ್ತು ಇಂಚಿನ ಎಂಟು ಸ್ಪೀಕರ್. ತೂಕ 63 ಕಿಲೋ ಚಿಲ್ಲರೆ. ಅದಕ್ಕೆ ಫ್ರಿಜ್ ಅಂತಲೇ ಅಡ್ಡಹೆಸರು, ಹಿಂದೆ ಚಕ್ರವನ್ನೂ ಕೊಟ್ಟಿದ್ದಾರೆ. ಅಷ್ಟು ದೊಡ್ಡದು ಯಾಕೆ ಬೇಕಿತ್ತು? ಆಗಿನ ಪಿಎ ಸಿಸ್ಟಮ್‌ಗಳಿಗೆ (ಸಭಾಂಗಣದ ಧ್ವನಿವರ್ಧಕಗಳಿಗೆ) ಬೇಸ್ ಹೊರುವ ಶಕ್ತಿ ಇರಲಿಲ್ಲ. ಇಡೀ ಸಭಾಂಗಣಕ್ಕೆ ಬೇಸ್ ಕೇಳಿಸುವ ಹೊಣೆ ವೇದಿಕೆ ಮೇಲಿನ ಆಂಪ್‌ದೇ. ಈಗ ಬೇಸ್ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ನೇರ ಮಿಕ್ಸರ್‌ಗೆ ಕೊಡುವ ಪುಟ್ಟ ಡಬ್ಬಿ) ಮೂಲಕ ಮಿಕ್ಸರ್‌ಗೆ, ಅಲ್ಲಿಂದ ಪಿಎಗೆ ಹೋಗುತ್ತದೆ. ವೇದಿಕೆ ಮೇಲಿನ ಕ್ಯಾಬ್ ನಿಮಗೂ ಡ್ರಮ್ ನುಡಿಸುವವರಿಗೂ ಕೇಳಿಸಿದರೆ ಸಾಕು.

ಕ್ಯಾಬ್ ತೂಕ ಇಳಿಸಲು ಎರಡು ಒಳ್ಳೆಯ ದಾರಿಗಳಿವೆ. ಒಂದು, ಸ್ಪೀಕರ್‌ನಲ್ಲಿ ಭಾರದ ಫೆರೈಟ್ ಮ್ಯಾಗ್ನೆಟ್ ಬದಲು ಹಗುರದ ನಿಯೋಡೈಮಿಯಮ್ ಮ್ಯಾಗ್ನೆಟ್. 12 ಇಂಚಿನ ಒಂದೇ ಸ್ಪೀಕರ್‌ನಲ್ಲಿ ಎರಡು ಮೂರು ಕಿಲೋ ಉಳಿಯಬಹುದು. ಬೆಲೆ ಮಾತ್ರ ಜಾಸ್ತಿ. ಚೀನಾ ರಫ್ತಿಗೆ ಕಡಿವಾಣ ಹಾಕಿದ ಮೇಲೆ 2011ರಲ್ಲಿ ನಿಯೋಡೈಮಿಯಮ್ ದರ ಆಕಾಶಕ್ಕೇರಿತ್ತು. ಇನ್ನೊಂದು, ಹಗುರದ ಪ್ಲೈವುಡ್ ತಗೊಂಡು ಒಳಗೆ ಸರಿಯಾಗಿ ಅಡ್ಡಪಟ್ಟಿ ಕೊಡುವುದು. ಇದು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಗಿಂತ ಎಷ್ಟೋ ಹಗುರ, ಗಟ್ಟಿಯೂ ಹೌದು.

ಆದರೆ ಗಾತ್ರದ ವಿಷಯದಲ್ಲಿ ಈ ಆಟ ನಡೆಯುವುದಿಲ್ಲ. ಕೆಎಲ್‌ಎಚ್ ಸ್ಪೀಕರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ನಿಯಮವಿದೆ. ಪುಟ್ಟ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವಾಟ್‌ಗೆ ಜೋರು ಸದ್ದು. ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಪುಟ್ಟ ಪೆಟ್ಟಿಗೆಯಲ್ಲಿ ಆಳದ ಬೇಸ್ ಬೇಕು ಅಂದರೆ ಸೆನ್ಸಿಟಿವಿಟಿ, ಅಂದರೆ ಕಡಿಮೆ ವಾಟ್‌ಗೆ ಜೋರು ಸದ್ದು, ಬಿಡಬೇಕು. ಮೂರು ಡೆಸಿಬಲ್ ಕಳೆದುಕೊಂಡರೆ ಅದನ್ನು ತುಂಬಲು ವಾಟ್ ಎರಡರಷ್ಟು ಆಗಬೇಕು. ತೆಳ್ಳಗೆ ಕೇಳುವ ಹಗುರ ಕ್ಯಾಬ್‌ಗಳಲ್ಲಿ ಬಹಳಷ್ಟರ ದೋಷ ಇದೇ. ಅವು ಹಗುರ ಆಗಿರುವುದು ಚಿಕ್ಕದಾಗಿರುವುದರಿಂದ.

ಆದ್ದರಿಂದ ಕ್ಯಾಬ್ ಕೊಳ್ಳುವಾಗ ಕಿಲೋ ಜೊತೆಗೆ ಉದ್ದ, ಅಗಲ, ಆಳವನ್ನೂ ಓದಿ. ಒಂದೇ ಗಾತ್ರದ ಎರಡರಲ್ಲಿ ಹಗುರದ್ದು ನಿಯೋಡೈಮಿಯಮ್‌ನಿಂದ ಹಗುರ ಆಗಿದ್ದರೆ ಧೈರ್ಯವಾಗಿ ಅದನ್ನೇ ನುಡಿಸಿ ನೋಡಿ. ಒಂದು ದೊಡ್ಡ ಕ್ಯಾಬ್‌ಗಿಂತ 8 ಓಮ್‌ನ (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎರಡು ಹಗುರ ಕ್ಯಾಬ್ ನನಗೆ ಮೇಲು. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಒಂದೊಂದಾಗಿ ಹತ್ತಿಸಬಹುದು, ಆಟೋದಲ್ಲೂ ಹಿಡಿಸುತ್ತವೆ. ಚಿಕ್ಕ ಜಾಗಕ್ಕೆ ಒಂದೇ ಸಾಕು. ಲಿಟಲ್ ಮಾರ್ಕ್‌ನಂಥ ಹೆಡ್ 8 ಓಮ್‌ಗೆ 300 ವಾಟ್ ಕೊಡುತ್ತದೆ, ಎರಡೂ ಕ್ಯಾಬ್ ಸಮಾಂತರವಾಗಿ ಸೇರಿ 4 ಓಮ್ ಆದಾಗ 500.

ಮನೆಯಲ್ಲಿ ಸುಮ್ನೆ ಅಭ್ಯಾಸಕ್ಕಾದರೆ ಇಷ್ಟೆಲ್ಲ ಬೇಕಿಲ್ಲ. ಫೆಂಡರ್ ರಂಬಲ್ 40 ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) ಎಂಟು ಕಿಲೋ ಚಿಲ್ಲರೆ, ಒಂದೇ ಕೈಯಲ್ಲಿ ಎತ್ತಬಹುದು.

ಹಗುರ ಹೆಡ್‌ನಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಒಂದೇ, ರಿಪೇರಿ. ವಾಲ್ವ್ ಹೋದರೆ ಹೊಸದು ಹಾಕಬಹುದು. ಕ್ಲಾಸ್ ಡಿ ಬೋರ್ಡ್ ಸುಟ್ಟರೆ ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಿಸಬೇಕು. ಕೊಳ್ಳುವ ಮೊದಲು ಆ ಬೋರ್ಡ್ ನಿಮ್ಮ ಊರಿನಲ್ಲಿ ಸಿಗುತ್ತದಾ, ಎಷ್ಟಾಗುತ್ತದೆ ಅಂತ ಅಂಗಡಿಯವರನ್ನು ಕೇಳಿಬಿಡಿ.