ಹೌದು, ಇಲ್ಲ ಎರಡೇ ಬಟನ್

"ಮೇಡಂ, ಎಂತ ಒತ್ತುವುದು?" ಮಂಗಳವಾರದಿಂದ ಈ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಕೇಳಿದವಳು ಮಂಗಳೂರು ಕೊಡಿಯಾಲ್‌ಬೈಲಿನ ನಮ್ಮ ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿದ್ದವಳು. ಮಗು ಆದ ಮೇಲೆ ಎರಡು ವರ್ಷ ಕೋರ್ಟಿಗೆ ಬಂದಿಲ್ಲ. 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ನೌಕರಿಯಲ್ಲಿ ಇರುವವರಿಗೆ, ಜೂನಿಯರ್ ವಕೀಲೆ ಯಾರ ನೌಕರಳೂ ಅಲ್ವಲ್ಲ. ಈಗ ಬೆಂಗಳೂರಿನ ಒಂದು ಕಂಪನಿಯ ಲೀಗಲ್ ವಿಭಾಗಕ್ಕೆ ಅರ್ಜಿ ಹಾಕಿದ್ದಳು. ಮೊಬೈಲಲ್ಲಿ ಚಾಟ್‌ಬಾಟ್ ಕೇಳಿತು: ಕಳೆದ ಎರಡು ವರ್ಷ ಪ್ರಾಕ್ಟೀಸ್ ಮಾಡಿದ್ದೀರಾ? ಹೌದು, ಇಲ್ಲ, ಎರಡೇ ಬಟನ್. ಅವಳು ನನ್ನ ಮುಖ ನೋಡಿದಳು. ಆ ಎರಡು ವರ್ಷದಲ್ಲಿ ನಮ್ಮ ಎಷ್ಟೋ ದಾವೆಗಳ ಡ್ರಾಫ್ಟ್ ಮಾಡಿಕೊಟ್ಟದ್ದು ಅವಳೇ, ಮಗು ಮಲಗಿದ ಮೇಲೆ ರಾತ್ರಿ ಕೂತು. ವಕಾಲತ್ತಿನಲ್ಲಿ ಅವಳ ಹೆಸರಿಲ್ಲ, ಕೆಲಸ ಮಾತ್ರ ಅವಳದ್ದೇ. ಸುಳ್ಳು ಹೇಳುವ ಹುಡುಗಿ ಅಲ್ಲ. "ಇಲ್ಲ" ಒತ್ತಿದಳು. ಕೂಡಲೇ "ನಿಮ್ಮ ಆಸಕ್ತಿಗೆ ಧನ್ಯವಾದಗಳು" ಬಂತು. ಅಷ್ಟೇ.

ಕೋರ್ಟಲ್ಲಿ ನಾವೂ ಹೌದು-ಇಲ್ಲ ಕೇಳಿಯೇ ಪಾಟೀಸವಾಲು ಮಾಡುತ್ತೇವೆ. ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಅರ್ಧಕ್ಕೆ ನಿಂತ ಉತ್ತರಕ್ಕೆ ವಿವರಣೆ ಕೊಡಿಸಲಿಕ್ಕೆ ಮರುವಿಚಾರಣೆ ಇದೆ, ಅಂದರೆ ಸಾಕ್ಷಿಯನ್ನು ಕರೆಸಿದ ಕಡೆಯವರು ಮತ್ತೆ ಪ್ರಶ್ನೆ ಕೇಳುವುದು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಕೊಲೆ ಕೇಸಿನ ಸಾಕ್ಷಿಗೆ ಸಿಗುವ ಈ ಅವಕಾಶ ಕೆಲಸ ಹುಡುಕುವವಳಿಗೆ ಯಾಕಿಲ್ಲ? ಯುರೋಪಿನಲ್ಲಿ 2018ರಿಂದ ಜಾರಿಯಾದ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ, ಯಂತ್ರವೊಂದೇ ಇಂಥ ತೀರ್ಮಾನ ಮಾಡಿದರೆ ಮನುಷ್ಯರೊಬ್ಬರು ನೋಡಲಿ ಅಂತ ಕೇಳುವ ಹಕ್ಕಿದೆ. ನಮ್ಮ 2023ರ ಡೇಟಾ ಕಾಯ್ದೆಯಲ್ಲಿ ಆ ಹಕ್ಕು ಇಲ್ಲ. ಸೇರಿಸಲೇಬೇಕು.

ಮನುಷ್ಯರೆಲ್ಲ ಒಳ್ಳೆಯವರು ಅಂತಲ್ಲ. ಗುರುವಾರ ಇನ್ನೊಂದು ಕೆಲಸಕ್ಕೆ ಕನ್ಸಲ್ಟೆನ್ಸಿಯವರು ಫೋನ್ ಮಾಡಿದರು. ಶುರುವಿಗೇ "ಎರಡನೇ ಮಗುವಿನ ಪ್ಲಾನ್ ಇದೆಯಾ?" ಕೇಳಬಾರದ ಪ್ರಶ್ನೆ. ಪಕ್ಕದಲ್ಲಿದ್ದ ನನಗೇ ಸಿಟ್ಟು ಬಂತು. ಅವಳು ಮಾತ್ರ "ಅದು ಬೇಡ ಸರ್, ಕೆಲಸದ್ದು ಕೇಳಿ" ಅಂದಳು. ಅವರು ಸಾರಿ ಹೇಳಿದರು. ಬಾಟ್ ಹತ್ತಿರ ಹೀಗೆ ಹೇಳಲಿಕ್ಕೆ ಎಲ್ಲಿ ಆಗುತ್ತದೆ? ಆಮೇಲೆ ಆ ಎರಡು ವರ್ಷ ಏನು ಮಾಡಿದಿರಿ ಅಂತ ಕೇಳಿದರು. ಅವಳು ಎಲ್ಲ ಹೇಳಿದಳು. "ಕಕ್ಷಿದಾರರ ಹೆಸರು ತೆಗೆದು ಎರಡು ಡ್ರಾಫ್ಟ್ ಕಳಿಸಿ" ಅಂದರು. ಈ ಕೆಲಸದ ಒಳಹೊರಗು ಗೊತ್ತಿದ್ದವರ ಮಾತು ಅದು, ಕೇಳಿ ನನಗೆ ನಿಜವಾಗಿಯೂ ಗೌರವ ಬಂತು.

ಒಂದು ಕುಮ್ಕಿ ಜಾಗದ (ಕೃಷಿ ಜಮೀನಿಗೆ ತಾಗಿದ ಸರ್ಕಾರಿ ಜಾಗ) ದಾವೆ, ಒಂದು ಚೆಕ್ ಬೌನ್ಸ್ ನೋಟಿಸು ಆರಿಸಿ ನಿನ್ನೆ ಕಳಿಸಿದ್ದಾಳೆ. ಸೋಮವಾರ ಇಂಟರ್‌ವ್ಯೂ.